ಅತ್ತೆಯ ಪಾಠಗಳ ಮಾಲೀಕರು

ಡೊಂಬಿವಲಿಯಲ್ಲಿ ಸಂಗೀತ ಕಲಿಸುವವರಿಗೆ ಎಂದೂ ಕೊರತೆಯಿರಲಿಲ್ಲ. ಸಂಜೆಯ ಹೊತ್ತು ಯಾವ ಗಲ್ಲಿಗೆ ಕಾಲಿಟ್ಟರೂ ಒಂದಲ್ಲ ಒಂದು ಕಿಟಕಿಯಿಂದ ಹಾರ್ಮೋನಿಯಮ್ ಕೇಳಿಸುತ್ತಿತ್ತು. ಆದರೆ ಶಿಷ್ಯರ ಕೆಮ್ಮಿಗೂ ಶ್ರುತಿ ನೋಡುತ್ತಿದ್ದವಳು, ನನಗೆ ತಿಳಿದ ಮಟ್ಟಿಗೆ, ಒಬ್ಬಳೇ. ಅವಳು ನನ್ನ ಸೋದರತ್ತೆ. "ಕೆಮ್ಮೂದ ಇದ್ರ ಷಡ್ಜದಾಗ ಕೆಮ್ಮು, ಉಳದವ್ರು ಸುರ ತಪ್ಪತಾರ" ಎಂದು ಆಕೆ ಒಬ್ಬ ಹುಡುಗನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಹುಡುಗ ಹೆದರಿ ಕೆಮ್ಮುವುದನ್ನೇ ಬಿಟ್ಟ. ಮರುದಿನ ಅವನ ತಾಯಿ ಬಂದು, ಯಾವ ಔಷಧ ಕೊಟ್ಟಿರಿ ಎಂದು ವಿಚಾರಿಸಿಕೊಂಡು ಹೋದಳು.

ಧಾರವಾಡದ ಕಡೆಯವನಾದ ನಾನು ಠಾಣೆಯ ಒಂದು ಕಂಪನಿಯಲ್ಲಿ ಗುಮಾಸ್ತನಾಗಿ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. "ಜಾಗಾ ಸಿಗೂತನಕ ನಮ್ಮಲ್ಲೇ ಇರು" ಎಂದಳು ಅತ್ತೆ. ಮುಂಬಯಿಯ ಸುತ್ತಮುತ್ತ ಜಾಗ ಸಿಗುವ ತನಕ ಎಂದರೆ ಎಷ್ಟು ಕಾಲ ಎಂಬುದನ್ನು ಬಲ್ಲವರಿಗೆ ನಾನು ಬಿಡಿಸಿ ಹೇಳಬೇಕೆ? ಮದುವೆಯಾಗುವವರೆಗೂ ಅಲ್ಲೇ ಇದ್ದೆ. ಮದುವೆಯಾದ ಮೇಲೆ ಧೈರ್ಯ ಮಾಡಿ ದೂರ ಹೋದೆ, ಅಂದರೆ ಎದುರಿನ ಬಿಲ್ಡಿಂಗಿಗೆ.

ಬಂದ ಹೊಸತರಲ್ಲಿ ಅತ್ತೆ ನನ್ನನ್ನೂ ಹಾರ್ಮೋನಿಯಮ್ಮಿನ ಮುಂದೆ ಕೂರಿಸಿದ್ದಳು. ಅವಳು ಒಂದು ಸ್ವರ ಒತ್ತಿದಳು, ನಾನು ಬಾಯಿ ತೆರೆದೆ. ಅವಳು ಇನ್ನೊಂದು ಒತ್ತಿದಳು, ನಾನು ಮತ್ತೆ ಬಾಯಿ ತೆರೆದೆ. ಅತ್ತೆ ಪೆಟ್ಟಿಗೆಯ ಮುಚ್ಚಳ ಹಾಕಿ, ಬಹಳ ಕನಿಕರದಿಂದ, "ತಮ್ಮಾ, ನೀ ನೌಕರಿ ಛಲೋ ಮಾಡು" ಎಂದಳು. ಅಲ್ಲಿಗೆ ನನ್ನ ಸಂಗೀತಾಭ್ಯಾಸ ಮುಗಿಯಿತು.

ಅತ್ತೆಯ ಗಂಡ, ನಮ್ಮ ಮಾಮಾ, ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕೆಮಿಕಲ್ ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಮಿತಭಾಷಿ. ಮನೆಯಲ್ಲಿ ಇಷ್ಟು ಸ್ವರಗಳು ಓಡಾಡುವಾಗ ಮಾತಿಗೆ ಜಾಗವಾದರೂ ಎಲ್ಲಿತ್ತು? ಅವರ ಕಂಪನಿಯ ಭೋಂಗಾ, ಅಂದರೆ ಸೈರನ್ನು, ಬೆಳಿಗ್ಗೆ ಕೂಗಿದಾಗಲೆಲ್ಲ ಅತ್ತೆ ಮುಖ ಕಿವಿಚುತ್ತಿದ್ದಳು.

"ನಿಮ್ಮ ಭೋಂಗಾ ಒಂದೀಟು ಇಳದದ ನೋಡ್ರಿ. ಮ್ಯಾನೇಜರಿಗೆ ಹೇಳಬಾರದ?"

ಮಾಮಾ ಬೂಟಿನ ದಾರ ಕಟ್ಟುತ್ತ, "ಭೋಂಗಾ ಸುರದಾಗ ಒದರಿದ್ರ ಪಗಾರ ಏನ ಹೆಚ್ಚಿಗಿ ಬರ್ತದೇನು?" ಎಂದು ಹೇಳಿ ಹೊರಟುಬಿಡುತ್ತಿದ್ದರು.

ಇಂಥ ಅತ್ತೆ ಮಕ್ಕಳಿಗೆ ಕಲಿಸುತ್ತಿದ್ದ ರೀತಿಯೂ ಲೋಕದಲ್ಲಿಲ್ಲದ್ದು. ಉಳಿದವರೆಲ್ಲ ಪೇಟೆಯಲ್ಲಿ ಸಿಗುವ ಪುಸ್ತಕ ಇಟ್ಟುಕೊಂಡು ಮೊದಲ ಪಾಠ, ಎರಡನೆಯ ಪಾಠ ಎಂದು ಹೋಗುತ್ತಿದ್ದರು. ಅತ್ತೆ ಮೊದಲು ಮಗುವನ್ನು ಎದುರಿಗೆ ಕೂರಿಸಿಕೊಂಡು ಸುಮ್ಮನೆ ಮಾತಾಡಿಸುವಳು. ಅದು ಹೇಗೆ ಉಸಿರಾಡುತ್ತದೆ, ಎಲ್ಲಿ ತಡವರಿಸುತ್ತದೆ, ಯಾವುದಕ್ಕೆ ನಗುತ್ತದೆ ಎಂದೆಲ್ಲ ನೋಡುವಳು. ಆಮೇಲೆ ಒಂದೆರಡು ದಿನ ಅಡಿಗೆ ಮಾಡುತ್ತ, ತರಕಾರಿ ಹೆಚ್ಚುತ್ತ ತನ್ನಷ್ಟಕ್ಕೆ ಗುನುಗುವಳು. ಕೊನೆಗೆ ಆ ಮಗುವಿಗೆಂದೇ ಒಂದು ಹೊಸ ಪಾಠ ತಯಾರಾಗುತ್ತಿತ್ತು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಭಾಗದಲ್ಲೋ, ಮದುವೆಯ ಕರೆಯೋಲೆಯ ಬೆನ್ನಿನ ಮೇಲೋ ಅದನ್ನು ಬರೆದು, ಹಾಳೆಯ ನೆತ್ತಿಯಲ್ಲಿ ಮಗುವಿನ ಹೆಸರು ಹಾಕಿ, ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿಯಲ್ಲಿ ಇಡುವಳು.

ಸುಧೀರ ಎಂಬ ಹುಡುಗನಿಗೆ ಉಬ್ಬಸವಿತ್ತು. ಅವನ ಪಾಠದಲ್ಲಿ ಸಾಲುಗಳು ಗಿಡ್ಡ, ನಡುನಡುವೆ ಉಸಿರು ತೆಗೆದುಕೊಳ್ಳಲು ಧಾರಾಳ ಬಿಡುವು. ಶಶಿಕಲಾ ಎಂಬ ಹುಡುಗಿಯದು ಒಂದು ನಿಮಿಷ ಸುಮ್ಮನಿರದ ಬಾಯಿ. ಅವಳ ಪಾಠದಲ್ಲಿ ಎಲ್ಲೂ ಬಿಡುವಿಲ್ಲ. ಬಿಡುವು ಕೊಟ್ಟರೆ ಅಲ್ಲಿ ಮಾತು ತುರುಕುತ್ತಿದ್ದಳು. ಪ್ರಕಾಶ ಎಂಬವನಿಗೆ ಏಳು ಸ್ವರಗಳ ಹೆಸರು ಏನು ಮಾಡಿದರೂ ನೆನಪಿರುತ್ತಿರಲಿಲ್ಲ, ಆದರೆ ರೈಲ್ವೆ ಸ್ಟೇಷನ್ನುಗಳೆಲ್ಲ ಬಾಯಿಪಾಠ. ಅತ್ತೆ ಅವನಿಗೆ ಸಾ ರೇ ಗ ಮ ಬದಲು ಠಾಣೆ, ಕಳವಾ, ಮುಂಬ್ರಾ, ದಿವಾ, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ ಎಂದು ಹೇಳಿಕೊಟ್ಟಳು. ಏಳಕ್ಕೆ ಏಳು ಸರಿಹೋಯಿತು. ಕಲ್ಯಾಣದಿಂದ ಇಳಿದು ಬಂದರೆ ಅವರೋಹಣ. ಫಾಸ್ಟ್ ಗಾಡಿಯಾದರೆ ನಡುವಿನ ಸ್ವರಗಳನ್ನು ಬಿಟ್ಟು ಠಾಣೆ, ಡೊಂಬಿವಲಿ, ಕಲ್ಯಾಣ ಮಾತ್ರ. ಎಲ್ಲ ಚೆನ್ನಾಗಿ ನಡೆದಿತ್ತು, ಒಂದು ದಿನ ಪ್ರಕಾಶ ಕೇಳಿದ: "ಊಪರ್‌ವಾಲಾ ಸಾ ಕರ್ಜತ್ ಸೈಡ್ ಹೈ ಕಿ ಕಸಾರಾ ಸೈಡ್?"

ಕಲ್ಯಾಣದ ಆಚೆಗೆ ರೈಲಿನ ದಾರಿ ಕರ್ಜತ್ ಕಡೆಗೊಂದು, ಕಸಾರಾ ಕಡೆಗೊಂದು ಎಂದು ಎರಡಾಗುತ್ತದೆ; ಮೇಲಿನ ಸಾ ಯಾವ ದಾರಿಯಲ್ಲಿ? ಸಂಗೀತದ ಇತಿಹಾಸದಲ್ಲಿ ಇಂಥ ಸಮಸ್ಯೆ ಯಾವ ಉಸ್ತಾದರಿಗೂ ಬಂದಿರಲಿಕ್ಕಿಲ್ಲ. ಅತ್ತೆ ಎರಡು ದಿನ ಯೋಚಿಸಿದಳು. ಆಮೇಲೆ, "ಯಾವ ಗಾಡ್ಯಾಗ ಕೂತೀ ಅದರ ಮ್ಯಾಲೆ" ಎಂದು ಉತ್ತರ ಕೊಟ್ಟಳು. ಹುಡುಗನಿಗೆ ಸಮಾಧಾನವಾಯಿತು.

ಹೀಗೆ ವರ್ಷಗಳು ಕಳೆದವು. ಮಕ್ಕಳು ಬಂದರು, ದೊಡ್ಡವರಾಗಿ ಹೋದರು, ಡಬ್ಬಿ ತುಂಬಿತು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮೂರಿನ ಕನ್ನಡ ಸಂಘದವರಿಗೆ, ರವಿವಾರ ಮಕ್ಕಳಿಗೆ ಸಂಗೀತದ ತರಗತಿ ತೆರೆಯಬೇಕೆಂಬ ಹುಮ್ಮಸ್ಸು ಬಂತು. ಇಲ್ಲೇ ಹುಟ್ಟಿದ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುತ್ತವೆ, ಹಾಡಿನ ನೆಪದಲ್ಲಾದರೂ ನಾಲ್ಕು ಕನ್ನಡ ಶಬ್ದ ಬಾಯಲ್ಲಿ ಆಡಲಿ ಎಂಬ ಆಸೆ. ಅತ್ತೆಯ ಪಾಠಗಳ ಮಾತುಗಳೆಲ್ಲ ಕನ್ನಡದವೇ ಆದ್ದರಿಂದ ಅವಳೇ ಕಲಿಸಬೇಕೆಂದು ನಿರ್ಧಾರವಾಯಿತು. ಹೆಸರು ಕೊಟ್ಟ ಮಕ್ಕಳ ಸಂಖ್ಯೆ ನೋಡಿ ಸಂಘದವರೇ ಗಾಬರಿಯಾದರು.

ಗಾಬರಿಗೆ ಇನ್ನೊಂದು ಕಾರಣವೂ ಇತ್ತು. ಆ ಮಳೆಗಾಲದಿಂದ ಅತ್ತೆಯ ಬಲಗೈ ನಡುಗಲು ಶುರುವಾಗಿತ್ತು. ಪೆನ್ನು ಹಿಡಿದರೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಅಷ್ಟೊಂದು ಮಕ್ಕಳಿಗೆ ಬರೆದುಕೊಡುವುದು ದೂರದ ಮಾತು, ತನ್ನ ಹೆಸರಿನ ಸಹಿ ಹಾಕಲೂ ಆಕೆ ಕಷ್ಟಪಡುತ್ತಿದ್ದಳು. ಸಹಾಯಕ್ಕೆ ಸುಮತಿ ಎಂಬ ಎಳೆಯ ಟೀಚರ್ ಒಪ್ಪಿದ್ದರು. ಆದರೆ ಅವರ ಕೈಗೆ ಬರೆದ ಪಾಠ ಬೇಕಲ್ಲ. ಆ ಡಬ್ಬಿಯಲ್ಲಿದ್ದದ್ದು ಬೇರೆ ಯಾರ ಬಳಿಯೂ ಇರಲಿಲ್ಲ. ಅತ್ತೆಯ ನಂತರ ಅವು ಏನಾಗುತ್ತವೆ ಎಂದು ನಾವೆಲ್ಲ ಯೋಚಿಸುತ್ತಿದ್ದೆವು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಸಂಘದ ಕಾರ್ಯದರ್ಶಿಗಳು ಉಡುಪಿಯ ಕಡೆಯ ಭಟ್ಟರು. ಸ್ಟೇಷನ್ನಿನ ಎದುರು ಅವರ ಹೋಟೆಲು. ಮಸಾಲೆ ದೋಸೆಯಷ್ಟೇ ಸಲೀಸಾಗಿ ಲೋಕದ ಎಲ್ಲ ಸಮಸ್ಯೆಗಳನ್ನೂ ಮಗುಚಿಹಾಕುವ ಮನುಷ್ಯ. ಅವರು ಅತ್ತೆಯ ಮನೆಗೆ ಬಂದು ಡಬ್ಬಿಯನ್ನು ನೋಡಿ ನಕ್ಕರು.

"ಅಯ್ಯೋ, ಇದಕ್ಕೆಂತ ಚಿಂತೆ ಬಾಯಿ? ನಮ್ಮ ಪರಿಚಯದವರ ಆಫೀಸಲ್ಲಿ ಸೈಕ್ಲೋಸ್ಟೈಲ್ ಮೆಷಿನ್ ಉಂಟು. ಎಲ್ಲ ಪಾಠ ಸ್ಟೆನ್ಸಿಲ್ ಮಾಡಿಸಿ ಕಾಪಿ ತೆಗೆದ್ರೆ ಆಯ್ತು. ಒಂದು ಮಧ್ಯಾಹ್ನದ ಕೆಲಸ."

ನಮ್ಮ ಕಡೆ ಶಿಕ್ಷಕಿಯರನ್ನು ಬಾಯಿ ಎನ್ನುತ್ತೇವೆ, ಮರಾಠಿಯವರೂ ಹಾಗೇ ಅನ್ನುತ್ತಾರೆ, ಹೀಗಾಗಿ ಊರಿಗೆಲ್ಲ ಅತ್ತೆ ಬಾಯಿಯಾಗಿದ್ದಳು.

ಅತ್ತೆ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಇವು ನನ್ನವಲ್ರಿ."

"ನಿಮ್ಮದಲ್ಲವಾ? ಹಾಗಾದ್ರೆ ಯಾರದ್ದು? ನಿಮ್ಮ ಗುರುಗಳದ್ದಾ?"

"ಮ್ಯಾಲೆ ಹೆಸರು ಬರದದಲ್ಲ, ನೋಡ್ರಿ. ಸುಧೀರನ ಪಾಠ ಸುಧೀರಂದು. ಶಶಿಕಲಾನ ಪಾಠ ಶಶಿಕಲಾಂದು. ಅವರನ್ನ ಕೇಳಲಾರದ ಇನ್ನೊಬ್ಬರಿಗೆ ಹ್ಯಾಂಗ ಕೊಡ್ಲಿ?"

ಭಟ್ಟರು ನನ್ನ ಮುಖ ನೋಡಿದರು. ನಾನು ಮಾಮಾರ ಮುಖ ನೋಡಿದೆ. ಮಾಮಾ ಫ್ಯಾನಿನ ಕಡೆ ನೋಡಿದರು.

"ಅಲ್ಲ ಬಾಯಿ, ಮಾಡಿದ್ದು ನೀವೇ ಅಲ್ಲವಾ?"

"ದರ್ಜಿ ನಿಮ್ಮ ಅಳತಿ ತಗೊಂಡು ಅಂಗಿ ಹೊಲದ ಅಂತ ತಿಳ್ಕೋರಿ. ಹೊಲದಾಂವ ತಾನು ಅಂತ ಹೇಳಿ ನಿಮ್ಮ ಅಂಗಿ ಮಂದಿಗೆ ಕೊಟ್ರ ಸುಮ್ನ ಇರ್ತೀರೇನು?"

ಭಟ್ಟರು ಅರೆಕ್ಷಣ ತಮ್ಮ ಅಂಗಿಯನ್ನು ಮುಟ್ಟಿ ನೋಡಿಕೊಂಡರು. "ಆ ಮಕ್ಕಳು ಈಗ ಎಲ್ಲೆಲ್ಲಿದ್ದಾರೋ ಮಾರಾಯ್ರೆ. ಅವರನ್ನು ಹುಡುಕುವುದು ಯಾರು?"

ಆಗ ಮಾತ್ರ ಅತ್ತೆ, ಮಾಮಾ, ಭಟ್ಟರು ಮೂವರೂ ಒಟ್ಟಿಗೆ ನನ್ನ ಕಡೆ ನೋಡಿದರು.

ಅಲ್ಲಿಂದ ನನ್ನ ರವಿವಾರಗಳು ಅತ್ತೆಯ ಪಾಲಾದವು. ಊರೊಳಗಿನ ಕೆಲವರು ಸುಲಭವಾಗಿ ಸಿಕ್ಕರು. ಮೊದಲನೆಯವನು ಸುಧೀರ. ಉಬ್ಬಸ ಮಾಯವಾಗಿ, ಬಾಗಿಲು ತುಂಬುವಷ್ಟು ದಪ್ಪಗಾಗಿ, ಔಷಧದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ. ಅತ್ತೆ ಬಂದ ಕಾರಣ ಹೇಳಿದಾಗ ಅವನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು.

"ಘ್ಯಾ ನಾ ಬಾಯಿ, ತ್ಯಾತ್ ಕಾಯ್ ವಿಚಾರಾಯ್ಚಂ?" ಎಂದ. ತಗೊಳ್ಳಿ, ಅದರಲ್ಲಿ ಕೇಳುವುದೇನಿದೆ ಎಂದು.

"ಹಂಗಲ್ಲಪಾ. ಒಮ್ಮೆ ಹಾಡು. ಏನು ಕೊಡ್ಲಿಕತ್ತೀ ಅಂತ ನಿನಗ ಗೊತ್ತಿರಬೇಕಲ್ಲ."

ಸುಧೀರ ತಲೆ ಕೆರೆದುಕೊಂಡ. ಒಂದು ಸಾಲೂ ನೆನಪಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ಚಪಾತಿ ಲಟ್ಟಿಸುತ್ತಲೇ ಆ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಹಾಡಿಬಿಟ್ಟಳು, ಉಸಿರು ಬಿಡುವ ಜಾಗಗಳನ್ನೂ ಸೇರಿಸಿ. ಹಾಡಿ, ಹೊರಗೆ ಬಂದು, "ನಾ ಕೊಟ್ಟಿನ್ರಿ ಬಾಯಿ, ತಗೊಂಡು ಹೋಗ್ರಿ" ಎಂದಳು.

"ನಿಮ್ದಲ್ರಿ ಅದು" ಎಂದಳು ಅತ್ತೆ.

"ವರ್ಷಾನುಗಟ್ಲೆ ಮಗ್ಗಲಕ್ಕ ಕೂತು ಹಾಡಿಸ್ದಾಕಿ ನಾನು."

ಇಬ್ಬರ ನಡುವೆ ವ್ಯಾಜ್ಯ ಬೆಳೆಯುವ ಲಕ್ಷಣ ಕಂಡಿತು. ಸುಧೀರ ಎರಡೂ ಕೈ ಜೋಡಿಸಿ, ಸ್ವಚ್ಛ ಕನ್ನಡದಲ್ಲಿ, "ಬಾಯಿ, ನನ್ನ ಪಾಠ ಕೊಟ್ಟೀನಿ. ಅವ್ವನ ಪಾಲೂ ಕೊಟ್ಟೀನಿ" ಎಂದು ಮುಗಿಸಿದ.

ಮುಂದಿನ ರವಿವಾರ ಮುಂಬ್ರಾ. ಶಶಿಕಲಾ ಮದುವೆಯಾಗಿ ಅಲ್ಲಿದ್ದಳು. ಬಾಗಿಲು ತೆರೆದವಳೇ ಮಾತು ಶುರುಮಾಡಿದಳು. ನೀರಿನ ತೊಂದರೆ, ಗುಡ್ಡದ ಕಡೆಯಿಂದ ಬರುವ ಮಂಗಗಳು, ಗಂಡನ ಶಿಫ್ಟು, ನಾದಿನಿಯ ಸೀಮಂತ. ಅತ್ತೆ ಹಲವು ಸಲ "ಅಲ್ಲವಾ ಶಶೀ" ಎಂದು ಆರಂಭಿಸಿದಳು. ಆ ಮಾತು ಹಾಗೇ ಕೊಚ್ಚಿಹೋಯಿತು. ಚಹಾ ಬಂತು, ಉಪ್ಪಿಟ್ಟು ಬಂತು, ಮತ್ತೆ ಚಹಾ ಬಂತು. ಅಪ್ಪಣೆ ಕೇಳಲು ಸಂದಿಯೇ ಸಿಗಲಿಲ್ಲ.

ಕೊನೆಗೆ ಅತ್ತೆ ಒಂದು ಉಪಾಯ ಮಾಡಿದಳು. ತೊಡೆಯ ಮೇಲೆ ತಾಳ ಹಾಕಿ ಶಶಿಕಲಾಳ ಪಾಠವನ್ನು ಹಾಡತೊಡಗಿದಳು. ಶಶಿಕಲಾ ಒಂದು ವಾಕ್ಯದ ನಡುವೆಯೇ ನಿಂತು, ಹಳೆಯ ಅಭ್ಯಾಸದಂತೆ ಜೊತೆಗೂಡಿದಳು. ಬಿಡುವೇ ಇಲ್ಲದ ಪಾಠ ಅದು. ಮುಗಿದಾಗ ಅವಳು ಏದುಸಿರು ಬಿಡುತ್ತಿದ್ದಳು. ಆ ಒಂದು ಕ್ಷಣದಲ್ಲಿ ಅತ್ತೆ, "ಇದನ್ನ ಬ್ಯಾರೆ ಹುಡುಗೂರಿಗೆ ಕೊಡ್ಲ್ಯಾ?" ಎಂದು ಕೇಳಿಬಿಟ್ಟಳು.

"ಕೊಡಿ ಬಾಯಿ, ಧಾರಾಳ ಕೊಡಿ" ಎಂದಳು ಶಶಿಕಲಾ ಉಸಿರು ಸುಧಾರಿಸಿಕೊಳ್ಳುತ್ತ. ಆಮೇಲೆ ಒಳಕೋಣೆಯ ಕಡೆ ನೋಡಿ, ದನಿ ತಗ್ಗಿಸಿ, "ನಮ್ಮ ಅತ್ತೆಗೂ ಒಂದು ಕಾಪಿ ಕಳಿಸಿ. ಅವರ ಮಾತು ನಿಲ್ಲಿಸ್ಲಿಕ್ಕೆ ನಂಗೆ ಬೇರೆ ದಾರಿ ಕಾಣ್ತಿಲ್ಲ" ಎಂದಳು.

ಹೀಗೆ ಒಬ್ಬೊಬ್ಬರನ್ನೇ ಮುಗಿಸುತ್ತ ಬಂದೆವು. ಸ್ಟೇಷನ್ನುಗಳ ಪ್ರಕಾಶನ ಮನೆಯವರು ವಾಶಿಗೆ ಹೋಗಿದ್ದರು. ಆಗ ಅಲ್ಲಿಗೆ ರೈಲು ಇರಲಿಲ್ಲ. ಠಾಣೆಯಿಂದ ಬಸ್ಸು ಹಿಡಿದು, ಧೂಳು ಕುಡಿಯುತ್ತ ಹೋದೆವು. ಹೊಸ ಫ್ಲ್ಯಾಟು, ಹೊಸ ಸೋಫಾ, ಹೊಸ ಮೀಸೆಯ ಪ್ರಕಾಶ. ಕಾಲೇಜು ಸೇರಿದ್ದ. ಅತ್ತೆಯನ್ನು ಕಂಡು "ಹಲೋ ಆಂಟಿ" ಎಂದ. ಅವನ ತಾಯಿ, "ಬಾಯಿ ಅನ್ನೋ, ಕಾಲಿಗೆ ಬೀಳು" ಎಂದು ಗದರಿದಳು. ಅವನು ಅರ್ಧ ಬಗ್ಗಿ, ಅಲ್ಲಿಗೇ ನಿಂತ.

ವಿಷಯ ಕೇಳಿದವನು, "ಲೇ ಲೋ ನಾ ಆಂಟಿ, ಮೈ ಕ್ಯಾ ಕರೂಂಗಾ ಉಸ್ ಕಾ" ಎಂದ. ಅದನ್ನಿಟ್ಟುಕೊಂಡು ನಾನೇನು ಮಾಡಲಿ ಎಂದು. ಅತ್ತೆ ಠಾಣೆ, ಕಳವಾ, ಮುಂಬ್ರಾ ಎಂದು ಎತ್ತಿಕೊಂಡಾಗ ಅವನ ಮುಖದಲ್ಲಿ ಸ್ವಲ್ಪ ಬೆಳಕು ಬಂತು. "ಅರೇ, ವೋ ಸ್ಟೇಷನ್‌ವಾಲಾ!" ಎಂದು ನಕ್ಕ. ಆಮೇಲೆ ಯೋಚಿಸಿ, "ಆಂಟಿ, ಉಸ್ ಮೇ ವಾಶಿ ಭೀ ಡಾಲೋ" ಎಂದ. ಅದರಲ್ಲಿ ವಾಶಿಯನ್ನೂ ಸೇರಿಸಿ ಎಂದು.

"ಇಲ್ಲಿ ಗಾಡಿ ಎಲ್ಲದನೋ?"

"ಆಯೇಗಾ ನಾ." ಮುಂದೆ ಬರುತ್ತದಲ್ಲ ಎಂದು.

ಹಿಂದಿರುಗುವಾಗ ಬಸ್ಸಿನಲ್ಲಿ ಅತ್ತೆ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದಳು. ವಾಶಿಯನ್ನು ಎಲ್ಲಿ ಕೂರಿಸುವುದೆಂದು ಯೋಚಿಸುತ್ತಿರಬೇಕು, ಸ್ವರಗಳೋ ಏಳಕ್ಕೇ ಮುಗಿದಿವೆ ಎಂದುಕೊಂಡೆ. ನನಗಂತೂ ಒಳಗೊಳಗೇ ಖುಷಿ. ಎಲ್ಲರೂ ಒಪ್ಪಿದ್ದರು, ಯಾರೂ ಸತಾಯಿಸಲಿಲ್ಲ, ಇನ್ನು ಒಬ್ಬಳ ಮನೆಗೆ ಹೋದರೆ ನನ್ನ ರವಿವಾರಗಳು ನನಗೆ ವಾಪಸು.

"ಕೆಲಸ ಛಲೋ ಆತಲ್ಲ ಅತ್ತೀ" ಎಂದೆ.

"ಹೂಂ" ಎಂದಳು. ಕಳವಾದ ಹತ್ತಿರ ಬಂದಾಗ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, "ಎಲ್ಲಾರೂ ಭಾಳ ಲಗೂ ಕೊಟ್ಟುಬಿಟ್ರು" ಎಂದಳು.

ಬೇಗ ಕೊಟ್ಟದ್ದರಲ್ಲಿ ಬೇಸರ ಪಡುವಂಥದ್ದು ಏನೆಂದು ನನಗೆ ಆಗ ತಿಳಿಯಲಿಲ್ಲ. ಮನೆಗೆ ಬಂದು ಅವಳು ಊಟ ಸರಿಯಾಗಿ ಮಾಡಲಿಲ್ಲವೆಂದು ಮಾಮಾ ಮರುದಿನ ನನಗೆ ಹೇಳಿದರು. ಮಾಮಾ ತಾವಾಗಿ ಬಂದು ಒಂದು ವಾಕ್ಯ ಹೇಳಿದ್ದೆಂದರೆ ವಿಷಯ ಗಂಭೀರವೆಂದೇ ಅರ್ಥ.

ಉಳಿದವಳು ವನಜಾ. ಅವಳ ಸಂಗತಿಯನ್ನು ಇಲ್ಲಿ ಹೇಳಬೇಕು. ಚಿಕ್ಕವಳಿದ್ದಾಗ ಎರಡು ವರ್ಷ ಅತ್ತೆಯ ಬಳಿ ಬಂದಿದ್ದಳು. ಆ ಎರಡು ವರ್ಷಗಳಲ್ಲಿ ಅವಳ ಗಂಟಲಿನಿಂದ ಒಂದು ಸ್ವರವೂ ಹೊರಗೆ ಬಂದದ್ದನ್ನು ಯಾರೂ ಕೇಳಿರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಬೇರೆ ತಾಯಂದಿರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅತ್ತೆ ಮಾತ್ರ ಅವಳಿಗೊಂದು ಪಾಠ ಮಾಡಿಕೊಟ್ಟು, ದಿನವೂ ಎದುರಿಗೆ ಕೂರಿಸಿಕೊಂಡು, ಅಲುಗುವ ತುಟಿಗೆ ಸರಿಯಾಗಿ ತಾಳ ಹಾಕುತ್ತಿದ್ದಳು. ಆಮೇಲೆ ಅವರ ಮನೆಯವರು ಊರಿನ ಇನ್ನೊಂದು ಭಾಗಕ್ಕೆ ಹೋದರು, ಪಾಠ ನಿಂತಿತು.

ವನಜಾಳನ್ನು ಕೊಟ್ಟದ್ದು ಕಲ್ಯಾಣದ ಒಂದು ದೊಡ್ಡ ಕೂಡುಕುಟುಂಬಕ್ಕೆ. ವಿಜಾಪುರದ ಕಡೆಯ ವ್ಯಾಪಾರಸ್ಥರು. ಕೆಳಗೆ ಕಿರಾಣಿ ಅಂಗಡಿ, ಮೇಲೆ ಮನೆ. ನಾವು ಹೋದಾಗ ಇಡೀ ಮನೆ ನಮ್ಮ ಸುತ್ತ ಬಂದು ಕೂತಿತು. ವನಜಾಳ ಅತ್ತೆ, ಮಾವ, ಮೈದುನರು, ಅವರ ಹೆಂಡಂದಿರು, ಮಕ್ಕಳು. ಪ್ರೀತಿಯ ಜನ. ಬೇಡವೆಂದರೂ ತಟ್ಟೆಗೆ ಶೇಂಗಾದ ಹೋಳಿಗೆ ಬೀಳುತ್ತಲೇ ಇತ್ತು. ವನಜಾ ಬಾಗಿಲ ಹತ್ತಿರ ನಿಂತಿದ್ದಳು. ತೆಳ್ಳಗಿನ ಹೆಂಗಸು, ಕೈಯಲ್ಲಿ ನೀರಿನ ತಂಬಿಗೆ.

ಅತ್ತೆ ಕ್ಯಾಲೆಂಡರಿನ ಹಾಳೆಯನ್ನು ಹೊರಗೆ ತೆಗೆದು ಕೇಳಿದಳು: "ವನಜಾ, ಇದು ನಿನ್ನ ಪಾಠ. ಸಂಘದ ಹುಡುಗೂರಿಗೆ ಕೊಡಬೇಕಂತ ಮಾಡೀವಿ. ಕೊಡ್ಲ್ಯಾ?"

"ಅದಕ್ಯಾಕ ಕೇಳ್ತೀರಿ ಬಾಯಿ, ತಗೋರಿ" ಎಂದ ವನಜಾಳ ಗಂಡ.

"ನಮ್ಮ ಮನ್ಯಾಗ ಇಲ್ಲ ಅನ್ನೂ ಮಾತ ಇಲ್ರಿ" ಎಂದರು ಅವಳ ಅತ್ತೆ. "ಒಬ್ಬರದು ಅಂತ ಏನೂ ಇಲ್ಲ. ಸೀರಿ ಸೈತ ಒಂದ ಕಪಾಟಿನ್ಯಾಗ ಇಡ್ತೀವಿ."

ಮಾವ ತಲೆಯಾಡಿಸಿದರು. ಮೈದುನನೊಬ್ಬ, ಹಾಳೆಯ ಹಿಂದಿದ್ದ ಕ್ಯಾಲೆಂಡರಿನ ದೇವರ ಚಿತ್ರ ಚೆನ್ನಾಗಿದೆ ಎಂದ. ಅನುಮತಿ ಸಿಕ್ಕಿತು ಎಂದುಕೊಂಡು ನಾನು ಚಪ್ಪಲಿಯ ಕಡೆ ನೋಡಿದೆ.

ಆದರೆ ಅತ್ತೆ ಏಳಲಿಲ್ಲ. ವನಜಾಳನ್ನೇ ನೋಡುತ್ತಿದ್ದಳು. ವನಜಾಳ ತುಟಿ ಅಲುಗಿತು.

"ಏನಂದಿ?"

"ಬ್ಯಾಡ್ರಿ ಬಾಯಿ" ಎಂದಳು ವನಜಾ. ದನಿ ಬಹಳ ಸಣ್ಣದು, ಆದರೆ ಈ ಸಲ ಎಲ್ಲರಿಗೂ ಕೇಳಿಸಿತು. "ಅದು ನಂದು."

ಹೋಳಿಗೆ ಬಡಿಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಗಂಡ ಹೆಂಡತಿಯನ್ನು ಮೊದಲ ಸಲ ಕಾಣುವವನಂತೆ ನೋಡಿದ. ಅವಳ ಅತ್ತೆ, ಸಿಟ್ಟಿನಿಂದಲ್ಲ, ನಿಜವಾದ ಆಶ್ಚರ್ಯದಿಂದ, "ನಿನಗ ಹಾಡಲಿಕ್ಕೆ ಬರ್ತದೇನವಾ?" ಎಂದು ಕೇಳಿದರು. ವನಜಾ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಎಲ್ಲಿ ಜಗಳವಾಗುತ್ತದೋ ಎಂದು ನಾನು ಹೆದರಿದೆ. ಅತ್ತೆ ನಿಧಾನವಾಗಿ ಹಾಳೆ ಮಡಿಸಿದಳು. "ಬ್ಯಾಡಂದ್ರ ಬ್ಯಾಡ. ಮುಗೀತು" ಎಂದು ಹೇಳಿ, ತಟ್ಟೆಯಲ್ಲಿದ್ದ ಹೋಳಿಗೆಯನ್ನು ಒಂದು ತುಣುಕೂ ಬಿಡದೆ ತಿಂದಳು. ವಾಶಿಯಿಂದ ಬಂದ ಮೇಲೆ ಅವಳು ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ.

ನಾವು ಮೆಟ್ಟಿಲಿಳಿದು ಅಂಗಡಿಯ ಹಿಂದಿನ ಓಣಿಗೆ ಬಂದಾಗ, ಗೋಣಿಯಲ್ಲಿ ಕಟ್ಟಿಟ್ಟ ಬೆಲ್ಲದ ದೊಡ್ಡ ಪೆಂಟಿಗಳ ನಡುವಿನಿಂದ ವನಜಾ ಹಿಂದೆಯೇ ಬಂದಳು.

"ಸಿಟ್ಟಾದ್ರೇನ್ರಿ ಬಾಯಿ?"

"ಸಿಟ್ಟ್ಯಾಕ ಆಗ್ಲಿ?"

"ಮುಂಜಾನೆ ನೀರು ತುಂಬೂವಾಗ ಹಾಡ್ಕೋತೀನ್ರಿ. ನಳದ ಸಪ್ಪಳದಾಗ ಯಾರಿಗೂ ಕೇಳಸಾಂಗಿಲ್ಲ. ನಿಮ್ಮ ಕಡೆ ಬರೂದು ಬಿಟ್ಟ ಮ್ಯಾಲೂ ಒಂದ ದಿನಾನೂ ತಪ್ಪಿಸಿಲ್ಲ." ಅವಳು ಮೇಲಿನ ಮನೆಯ ಕಡೆ ಒಮ್ಮೆ ನೋಡಿದಳು. "ಅದನ್ನ ಎಲ್ಲಾರೂ ಹಾಡಲಿಕತ್ರ, ಮುಂದ ನನಗ ಹಾಡಲಿಕ್ಕಾಗಾಂಗಿಲ್ಲ ಅನಸ್ತದ್ರಿ."

ಅತ್ತೆ ಮಡಿಸಿದ ಹಾಳೆಯನ್ನು ಅವಳ ಕೈಯಲ್ಲಿಟ್ಟಳು. "ಇದು ನನ್ನ ಡಬ್ಬ್ಯಾಗ ಇರೂದ ತಪ್ಪು. ನೀ ಇಟ್ಗೋ." ಆಮೇಲೆ ಮೆಲ್ಲಗೆ ಕೇಳಿದಳು: "ಈಗ ಹಾಡ್ತೀಯೇನು?"

ವನಜಾ ನನ್ನ ಕಡೆ ನೋಡಿದಳು. ನಾನು ಇಂಥದ್ದೆಲ್ಲ ತಿಳಿಯದಷ್ಟು ದಡ್ಡನಲ್ಲ. ರಸ್ತೆಯ ಆಚೆಗೆ ಕಬ್ಬಿನ ಹಾಲಿನ ಅಂಗಡಿಯಿತ್ತು, ಅಲ್ಲಿಗೆ ಹೋಗಿ ಗಾಣದ ಗೆಜ್ಜೆಯ ಸದ್ದಿನಲ್ಲಿ ನಿಂತೆ. ಅಲ್ಲಿಂದ ಓಣಿಯ ಒಳಗೆ ಇಬ್ಬರೂ ಕಾಣುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ವನಜಾ ಗೋಡೆಗೆ ಮುಖ ಮಾಡಿದ್ದಳು. ಅತ್ತೆ ಒಂದು ಬೆಲ್ಲದ ಪೆಂಟಿಯ ಮೇಲೆ ಕೂತು, ನಡುಗುವ ಬಲಗೈಯಿಂದ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದಳು.

ಕಲ್ಯಾಣದಿಂದ ಹೊರಟ ಲೋಕಲ್ಲಿನಲ್ಲಿ, ರವಿವಾರದ ಮಧ್ಯಾಹ್ನವಾದ್ದರಿಂದ, ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಅತ್ತೆ ಕಣ್ಣೊರಸಿಕೊಂಡಳು, ಮೂಗೊರಸಿಕೊಂಡಳು, ಮತ್ತೆ ಕಣ್ಣೊರಸಿಕೊಂಡಳು. ಠಾಕುರ್ಲಿ ದಾಟಿದ ಮೇಲೆ ಹೇಳಿದಳು:

"ಎರಡು ವರ್ಷ ಕಲಿಸಿದ್ದೆ ತಮ್ಮಾ. ಆಕಿ ದನಿ ಹೆಂಗದ ಅಂತ ಇವತ್ತ ಕೇಳಿದೆ."

"ಹೆಂಗಿತ್ತು?" ಎಂದೆ ಆಸೆಯಿಂದ.

"ನಿನಗ್ಯಾಕ? ಅದು ಆಕೀದು."

ಸೈಕ್ಲೋಸ್ಟೈಲಿನ ಕೆಲಸ ಭಟ್ಟರು ಹೇಳಿದಂತೆ ಒಂದು ಮಧ್ಯಾಹ್ನದಲ್ಲಿ ಆಗಲಿಲ್ಲ, ಎರಡು ವಾರ ಹಿಡಿಯಿತು; ಆದರೂ ಆಯಿತು. ತರಗತಿ ಆರಂಭವಾದ ರವಿವಾರ, ಸಂಘದವರು ಬಾಡಿಗೆಗೆ ಹಿಡಿದಿದ್ದ ಶಾಲೆಯ ಕೋಣೆಯಲ್ಲೆಲ್ಲ ಹಸಿ ಶಾಯಿಯ ವಾಸನೆ. ಮಕ್ಕಳ ಮೂಗಿನ ತುದಿಗಳೆಲ್ಲ ಕಪ್ಪು. ಒಂದು ಮೂಲೆಯಲ್ಲಿ ಮಕ್ಕಳು ಠಾಣೆಯಿಂದ ಕಲ್ಯಾಣದವರೆಗೆ ಹೋಗಿ ಬರುತ್ತಿದ್ದರು, ಇನ್ನೊಂದು ಮೂಲೆಯಲ್ಲಿ ಸುಧೀರನ ಉಸಿರು ನಡೆದಿತ್ತು. ಭಟ್ಟರು ಹಾಳೆಗಳ ಕಟ್ಟನ್ನು ತಿರುವಿ ನೋಡಿ ಅತ್ತೆಯ ಬಳಿ ಬಂದರು.

"ಬಾಯಿ, ಒಂದು ಕಡಿಮೆ ಉಂಟಲ್ಲ?"

"ವನಜಾಂದು. ಆಕಿ ಕೊಡಲಿಲ್ಲ."

ಬೇರೆಯವರು ತಮ್ಮ ಶಿಷ್ಯರಿಗೆ ಬಂದ ಬಹುಮಾನಗಳ ಬಗ್ಗೆ ಹೇಳುವ ದನಿಯಲ್ಲಿ ಅವಳು ಅದನ್ನು ಹೇಳಿದಳು. ಭಟ್ಟರಿಗೆ ಪಾಪ ಏನೂ ಅರ್ಥವಾಗಲಿಲ್ಲ. "ಕೊಡಲಿಲ್ಲವಾ? ನಾನು ಬೇಕಾದ್ರೆ ಅವಳ ಗಂಡನ ಹತ್ರ ಮಾತಾಡ್ತೇನೆ" ಎಂದರು.

"ಹಂಗೇನರ ಮಾಡಿದ್ರ ನಾ ನಿಮ್ಮ ಸಂಘಕ್ಕ ಕಾಲಿಡೂದಿಲ್ಲ ನೋಡ್ರಿ."

ಅಷ್ಟರಲ್ಲಿ ಸುಮತಿ ಟೀಚರ್ ಒಂದು ಹುಡುಗಿಯ ಕೈ ಹಿಡಿದು ಕರೆತಂದರು. ಏಳೆಂಟು ವರ್ಷದವಳು, ಎರಡು ಜಡೆ, ನೆಲ ನೋಡುವ ಕಣ್ಣು. ಯಾವ ಪಾಠ ಕೊಟ್ಟರೂ ಬಾಯಿ ತೆರೆಯುತ್ತಿಲ್ಲ, ಹೆಸರು ಕೇಳಿದರೂ ಹೇಳುತ್ತಿಲ್ಲ ಎಂದರು. ನನಗೆ ಥಟ್ಟನೆ ಹೊಳೆಯಿತು.

"ಅತ್ತೀ, ವನಜಾನ ಪಾಠ ನಿನಗ ಬಾಯಿಲೆ ಬರ್ತದಲ್ಲ. ಇದೊಂದು ಕೂಸಿಗೆ ಹೇಳಿಕೊಟ್ರ ಯಾರಿಗೆ ಗೊತ್ತಾಗ್ತದ?"

ಅತ್ತೆ ನನ್ನನ್ನು ನೋಡಿದ ರೀತಿಯನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. "ಈ ಕೂಸು ವನಜಾ ಅಲ್ಲ" ಎಂದಳು. ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಏನೇನೋ ಮಾತಾಡಿಸಿದಳು, ಉತ್ತರ ಬರದಿದ್ದರೂ ಬಂದಂತೆಯೇ ಮುಂದುವರಿಸಿದಳು. ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ಹಾಳಿ ತಗೋ. ನಾ ಹೇಳ್ತೀನಿ, ನೀ ಬರಿ. ನನ್ನ ಕೈ ಕೇಳೂದಿಲ್ಲ" ಎಂದಳು.

ಷಡ್ಜಕ್ಕೂ ಪಂಚಮಕ್ಕೂ ವ್ಯತ್ಯಾಸ ತಿಳಿಯದ ನಾನು ಪೆನ್ನು ಹಿಡಿದು ಸಿದ್ಧನಾದೆ.

"ಸಾ" ಎಂದು ಅತ್ತೆ ಮೆತ್ತಗೆ ಹಾಡಿದಳು. ಬರೆದೆ.

"ಇನ್ನೊಂದು. ಸಾ." ಅದನ್ನೂ ಬರೆದೆ.

ಮೂರನೆಯ ಸಾ ಬಂದದ್ದು ಅತ್ತೆಯ ದನಿಯಲ್ಲಲ್ಲ, ಸಣ್ಣದೊಂದು ದನಿಯಲ್ಲಿ. ತಲೆಯೆತ್ತಿ ನೋಡಿದೆ. ಹುಡುಗಿ ಇನ್ನೂ ನೆಲವನ್ನೇ ನೋಡುತ್ತಿದ್ದಳು. ಅತ್ತೆ ಅಲುಗಾಡದೆ ಕೂತು, ಬರಿ ಎಂದು ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದಳು.